ಹಗೆಯಿಲ್ಲದ ಅಗಲಿಕೆ



ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಓದಿದ್ದು ಮ್ಯಾಟ್ರಿಕ್‌ವರೆಗೆ. ವಕೀಲನಲ್ಲ, ಸಮಾಜ ಸುಧಾರಕನೂ ಅಲ್ಲ. ಇವತ್ತು ನಾನು ಮಾತಾಡಲಿರುವ ವಿಷಯ ಗಂಡ ಹೆಂಡಿರು ಬೇರೆಯಾಗುವುದು. ಇದೆಂಥ ಅಪಶಕುನದ ಮಾತು ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಊರಲ್ಲಿ ನಡೆಯುತ್ತಿರುವುದನ್ನು ಮಾತಾಡದಿದ್ದರೆ ಅದು ನಿಲ್ಲುವುದಿಲ್ಲ, ಇನ್ನಷ್ಟು ಕೆಡುತ್ತದೆ. ಅಷ್ಟೇ ಅಲ್ಲ, ಈ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿದ್ದೇನೆ. ಆ ತಪ್ಪಿನಿಂದಲೇ ಶುರು ಮಾಡುತ್ತೇನೆ.

ನನ್ನ ಅಕ್ಕನ ಮಗಳ ಲಗ್ನ 2010ರಲ್ಲಿ ಆಯಿತು. ಅಕ್ಕನ ಮನೆ ಅಕ್ಕಲಕೋಟೆ ತಾಲೂಕಿನಲ್ಲಿ. ಹುಡುಗಿಯನ್ನು ಕೊಟ್ಟಿದ್ದು ಭೀಮಾ ನದಿಯ ಆಚೆ, ಕರ್ನಾಟಕದ ಒಂದು ಹಳ್ಳಿಗೆ. ನಮ್ಮ ಗಡಿನಾಡಿನಲ್ಲಿ ಇದೇನು ಹೊಸದಲ್ಲ. ಸರಕಾರ ಎರಡಾದರೂ ನಮ್ಮ ಬೀಗತನಕ್ಕೆ ಗಡಿಯಿಲ್ಲ. 2012ರಲ್ಲಿ ಹೆಣ್ಣು ಮಗು ಹುಟ್ಟಿತು. ಆಮೇಲೆ ಇಬ್ಬರ ನಡುವೆ ಹೊಂದಿಕೆ ತಪ್ಪಿತು. ಏನು ಕಾರಣ ಎಂಬುದು ಅವರಿಬ್ಬರ ಮನೆಯ ಮಾತು, ರೇಡಿಯೋದಲ್ಲಿ ಹೇಳುವಂಥದ್ದಲ್ಲ. ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ ಎಂಬುದನ್ನು ಮಾತ್ರ ಹೇಳಬಲ್ಲೆ. ಈ ಸಂಗತಿಯನ್ನು ಇಲ್ಲಿ ಹೇಳಲು ಇಬ್ಬರೂ ನನಗೆ ಒಪ್ಪಿಗೆ ಕೊಟ್ಟಿದ್ದಾರೆ.

2014ರಲ್ಲಿ ಹಿರಿಯರು ಕೂಡಿದೆವು. ಆ ಕಡೆಯವರು ನಾಲ್ಕು ಜನ, ಈ ಕಡೆಯವರು ನಾಲ್ಕು ಜನ. ಬ್ಯಾಂಕಿನವನು, ನಾಲ್ಕಕ್ಷರ ಬಲ್ಲವನು ಎಂದು ನನ್ನನ್ನು ನಡುವೆ ಕೂಡಿಸಿದರು. ಬೆಳಗಿನಿಂದ ಮಧ್ಯಾಹ್ನದವರೆಗೆ ನಾವು ಎಂಟು ಜನ ಗಂಡಸರೇ ಮಾತಾಡಿದೆವು. ಕೊನೆಗೆ ಹುಡುಗಿಯನ್ನು ಪಡಸಾಲೆಯ ಬಾಗಿಲಿಗೆ ಕರೆಸಿ, "ಹೋಗ್ತೀಯೋ ಇಲ್ಲೋ?" ಎಂದು ಒಂದೇ ಮಾತು ಕೇಳಿದೆವು. ಅವಳು ನನ್ನ ಮುಖ ನೋಡಿದಳು. "ಹೋಗವ್ವಾ, ಎಲ್ಲಾ ಸರಿ ಆಗ್ತದ" ಎಂದು ನಾನು ಹೇಳಿದೆ. ಅವಳು ತಲೆ ಬಗ್ಗಿಸಿ ಒಳಗೆ ಹೋದಳು. ನಾವು ಹೋಳಿಗೆ ಉಂಡೆವು. ಒಂದು ಸಂಸಾರ ಉಳಿಸಿ ಬಂದೆ ಎಂದು ಮರುದಿನ ಕೌಂಟರಿನಲ್ಲಿ ಕೂತು ಎಲ್ಲರ ಮುಂದೆ ಹೇಳಿಕೊಂಡೆ.

ಎರಡು ವರ್ಷದ ಮೇಲೆ ಒಂದು ಸಂಜೆ ಅವಳು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು, ಒಂದು ಚೀಲ ಹಿಡಿದು ಎಸ್.ಟಿ. ಬಸ್ಸಿನಿಂದ ಇಳಿದು ನಮ್ಮ ಮನೆಗೇ ಬಂದಳು. ಬೈಯಲಿಲ್ಲ, ಅಳಲಿಲ್ಲ. ಚಹಾ ಕುಡಿದು ಒಂದೇ ಮಾತು ಹೇಳಿದಳು: "ಮಾಮಾ, ಅವತ್ತು ನೀವು ಎಂಟು ಜನ ಇದ್ರಿ. ನಿನಗ ಏನು ಬೇಕು ಅಂತ ಒಬ್ಬರೂ ಕೇಳಲಿಲ್ಲ."

ಕೇಳುಗರೇ, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ನಮ್ಮಲ್ಲಿದೆ. ಅದು ಬಹಳ ಮನೆಗಳಿಗೆ ನಿಜವೂ ಹೌದು. ಆದರೆ ಉಂಡು ಮಲಗಿದ ಮೇಲೂ ಉಳಿಯುವ ಜಗಳಗಳಿವೆ. ಅಂಥ ಕಡೆ ಕೂಡಿಸುವುದೊಂದೇ ಹಿರಿತನ ಎಂದು ನಾವು ಹಟ ಹಿಡಿಯುತ್ತೇವೆ. ಬಿಡಿಸುವುದನ್ನೂ ಹಿರಿತನದಿಂದ ಮಾಡಬಹುದು ಎಂಬುದು ನನಗೆ ಆಗ ತಿಳಿದಿರಲಿಲ್ಲ.

ಅವಳು ಬಂದ ಮೇಲೆ ನಮ್ಮ ಮುಂದೆ ಎರಡು ದಾರಿ ಇದ್ದವು ಎಂದುಕೊಂಡೆವು. ಎರಡೂ ಒಳ್ಳೆಯವಲ್ಲ.

ಮೊದಲನೆಯದು ಸೋಡಚಿಟ್ಟಿ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತು. ಸ್ಟಾಂಪ್ ಕಾಗದ ತಂದು, "ಇಂದಿನಿಂದ ನನಗೂ ನಿನಗೂ ಸಂಬಂಧವಿಲ್ಲ" ಎಂದು ಬರೆದು, ಇಬ್ಬರೂ ಸಹಿ ಮಾಡಿ, ಪಂಚರ ಸಾಕ್ಷಿ ಹಾಕಿಸಿ, ನೋಟರಿಯ ಶಿಕ್ಕಾ ಹೊಡೆಸಿದರೆ ಮುಗಿಯಿತು ಎಂದು ಜನ ನಂಬುತ್ತಾರೆ. ಮುಗಿಯುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಲಗ್ನ ಮುರಿಯಬೇಕಾದರೆ ಕೋರ್ಟಿನ ಡಿಕ್ರಿ ಬೇಕು. ಜಾತಿಯ ರೂಢಿಯಲ್ಲಿ ಸೋಡಚಿಟ್ಟಿ ಇದ್ದರೆ ಅದನ್ನು ಕಾಯ್ದೆ ಉಳಿಸಿಕೊಂಡಿದೆ ನಿಜ, 29ನೆಯ ಕಲಮಿನಲ್ಲಿ. ಆದರೆ ಆ ರೂಢಿ ತಮ್ಮಲ್ಲಿ ಹಿಂದಿನಿಂದ ಉಂಟೆಂದು ಹೇಳುವವರೇ ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಅದು ಸುಲಭವಲ್ಲ. ಸಾಬೀತಾಗದಿದ್ದರೆ ಆ ಕಾಗದ ಬರೀ ಕಾಗದ. ಅದನ್ನು ನಂಬಿ ಮತ್ತೊಂದು ಲಗ್ನವಾದವರ ಮೇಲೆ ಎರಡನೆಯ ಲಗ್ನದ ಅಪರಾಧವೂ ಬರಬಹುದು.

ಇದರ ಫಲವನ್ನು ನಾನು ಕೌಂಟರಿನಲ್ಲಿ ಕೂತು ನೋಡಿದ್ದೇನೆ. ಸೋಲಾಪುರದ ಗಿರಣಿಯಲ್ಲಿ ದುಡಿದಿದ್ದ ಒಬ್ಬ ಖಾತೆದಾರ ತೀರಿಕೊಂಡ. ಖಾತೆಗೆ ನಾಮಿನಿ ಇರಲಿಲ್ಲ. ಒಂದೇ ವಾರದಲ್ಲಿ ಇಬ್ಬರು ಹೆಣ್ಣುಮಕ್ಕಳು ಬಂದರು. ಇಬ್ಬರೂ ನಾನೇ ಹೆಂಡತಿ ಎಂದರು. ಎರಡನೆಯವಳು ಹಳದಿಯಾದ ಸ್ಟಾಂಪ್ ಕಾಗದ ತೆಗೆದು, "ನೋಡ್ರಿ, ಮೊದಲನೆಯಾಕಿಗೆ ಸೋಡಚಿಟ್ಟಿ ಆಗೇದ" ಎಂದಳು. ಬ್ಯಾಂಕು ಏನು ಮಾಡಬೇಕು? ತಕರಾರು ಇದ್ದಲ್ಲಿ ಕೋರ್ಟಿನಿಂದ ವಾರಸಾ ಪ್ರಮಾಣಪತ್ರ ತನ್ನಿರಿ ಎಂದು ಹೇಳಲೇಬೇಕಾಯಿತು. ಆ ಹಣ ದೊಡ್ಡದೇನಲ್ಲ. ಓಡಾಟದ ಖರ್ಚೇ ಅದನ್ನು ತಿಂದಿತು. ಸತ್ತವನೊಬ್ಬ, ಬೀದಿಗೆ ಬಂದವರು ಇಬ್ಬರು.

ಎರಡನೆಯ ದಾರಿ ಕೋರ್ಟಿನ ಕಾಳಗ. ನಾವು ಅದನ್ನೇ ಹಿಡಿದೆವು. 2017ರಲ್ಲಿ ನಮ್ಮ ಕಡೆಯಿಂದ ಪೋಟಗಿಯ ಅರ್ಜಿ ಹೋಯಿತು. ಶಿಷ್ಟ ಭಾಷೆಯಲ್ಲಿ ಜೀವನಾಂಶ ಎನ್ನುತ್ತಾರೆ. ಆಗ ಅದು ಕ್ರಿಮಿನಲ್ ಪ್ರೊಸೀಜರ್ ಕೋಡಿನ 125ನೆಯ ಕಲಂ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಂ ಆಗಿದೆ. ಆ ಅರ್ಜಿಯಲ್ಲಿ ವಕೀಲರು ಹುಡುಗನ ಮೇಲೆ ಒಂದು ವಾಕ್ಯ ಬರೆದರು. ಅದು ಪೂರಾ ನಿಜವಲ್ಲ ಎಂದು ನಮಗೆ ಗೊತ್ತಿತ್ತು. "ಕೇಸು ಗಟ್ಟಿ ಆಗ್ತದ" ಎಂದರು, ಸುಮ್ಮನಾದೆವು. ಅವರ ಕಡೆಯಿಂದ ಬಂದ ಉತ್ತರದಲ್ಲಿ ಹುಡುಗಿಯ ಮೇಲೆ ಇನ್ನೂ ಕೆಟ್ಟ ವಾಕ್ಯ ಬಂತು. ಒಂದು ವರ್ಷ ತಾರೀಖಿನ ಮೇಲೆ ತಾರೀಖು. ಕೋರ್ಟಿನ ಅಂಗಳದಲ್ಲಿ ಮಗು ಅಪ್ಪನನ್ನು ಕಂಡು ಓಡಿ ಹೋಗಲು ನೋಡಿದರೆ ನಾವು ಕೈ ಹಿಡಿದು ಎಳೆದುಕೊಳ್ಳುತ್ತಿದ್ದೆವು. ಇದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

2018ರಲ್ಲಿ ನ್ಯಾಯಾಧೀಶರು ಕಾಗದಪತ್ರ ನೋಡಿ, "ಇದನ್ನು ಮಧ್ಯಸ್ಥಿಕೆಗೆ ಕಳಿಸುತ್ತೇನೆ" ಎಂದರು. ಅದೇನೆಂದು ನಮಗೆ ತಿಳಿಯದು. ಮತ್ತೊಂದು ತಾರೀಖು ಎಂದುಕೊಂಡೆವು.

ಅದರ ಹಿನ್ನೆಲೆ ಆಮೇಲೆ ತಿಳಿದುಕೊಂಡೆ. 1984ರ ಕುಟುಂಬ ನ್ಯಾಯಾಲಯ ಕಾಯ್ದೆಯಲ್ಲೇ, ಸಾಧ್ಯವಿದ್ದಲ್ಲಿ ಮೊದಲು ರಾಜಿಗೆ ಪ್ರಯತ್ನಿಸುವುದು ನ್ಯಾಯಾಲಯದ ಕರ್ತವ್ಯ ಎಂದಿದೆ. ಸಿವಿಲ್ ಪ್ರೊಸೀಜರ್ ಕೋಡಿನ 89ನೆಯ ಕಲಂ 2002ರ ಜುಲೈನಿಂದ ಹೊಸ ರೂಪದಲ್ಲಿ ಜಾರಿಗೆ ಬಂದು, ದಾವೆಗಳನ್ನು ಮಧ್ಯಸ್ಥಿಕೆಗೆ ಕಳಿಸುವ ಬಾಗಿಲು ತೆರೆಯಿತು. 2013ರಲ್ಲಿ ಸುಪ್ರೀಂ ಕೋರ್ಟು ಒಂದು ದಂಪತಿಯ ಮೊಕದ್ದಮೆಯಲ್ಲಿ, ಇಂಥ ಜಗಳ ಹಣ್ಣಾಗಿ ಕೊಳೆಯುವ ಮೊದಲೇ ಮಧ್ಯಸ್ಥಿಕೆಯನ್ನು ಪ್ರಯತ್ನಿಸಿ ನೋಡಬೇಕೆಂದು ಕೆಳಗಿನ ಕೋರ್ಟುಗಳಿಗೆ ಸೂಚಿಸಿತು. 2023ರಲ್ಲಿ ಮಧ್ಯಸ್ಥಿಕೆಗೆಂದೇ ಸಂಸತ್ತು ಒಂದು ಕಾಯ್ದೆಯನ್ನು ಮಾಡಿದೆ.

ಹೆಸರು ಒಂದೇ ಆದರೂ ನಾವು ಪಡಸಾಲೆಯಲ್ಲಿ ಮಾಡಿದ ಮಧ್ಯಸ್ಥಿಕೆ ಬೇರೆ, ಇದು ಬೇರೆ. ನಮ್ಮ ಪಂಚಾಯತಿಯಲ್ಲಿ ಹಿರಿಯರು ತೀರ್ಪು ಹೇಳುತ್ತಾರೆ, ಚಿಕ್ಕವರು ಕೇಳುತ್ತಾರೆ. ಇಲ್ಲಿ ನಡುವೆ ಕೂತವರು ತೀರ್ಪು ಹೇಳುವುದೇ ಇಲ್ಲ. ಹೇಳುವ ಅಧಿಕಾರವೇ ಅವರಿಗಿಲ್ಲ. ಗಂಡ ಹೆಂಡಿರೇ ಮಾತಾಡಿ, ತಾವೇ ಒಂದು ತೀರ್ಮಾನಕ್ಕೆ ಬರಲು ಅವರು ದಾರಿ ಮಾಡಿಕೊಡುತ್ತಾರೆ. ಕೂಡಿ ಬಾಳುವ ತೀರ್ಮಾನವಾದರೂ ಸರಿ, ಬೇರೆಯಾಗುವ ತೀರ್ಮಾನವಾದರೂ ಸರಿ.

ನಮ್ಮ ಮಧ್ಯಸ್ಥರು ನಡುವಯಸ್ಸಿನ ಒಬ್ಬ ಮಹಿಳಾ ವಕೀಲರು. ಇದಕ್ಕೆಂದೇ ತರಬೇತಿ ಪಡೆದವರು. ಸಣ್ಣ ಕೋಣೆ, ಒಂದು ದುಂಡು ಮೇಜು. ನಾವು ಎರಡೂ ಕಡೆಯ ಹಿರಿಯರು ರೂಢಿಯಂತೆ ಮುಂದೆ ಹೋಗಿ ಕುರ್ಚಿ ಹಿಡಿದು ಕೂತೆವು. ಆಕೆ ನಗುತ್ತಲೇ, "ಹಿರಿಯರು ಸ್ವಲ್ಪ ಹೊರಗೆ ಕೂಡಿರಿ" ಎಂದರು. ನನಗೆ ಸಿಟ್ಟು ಬಂತು. ಹೊರಗೆ ಇದ್ದದ್ದು ಒಂದೇ ಬೆಂಚು, ಬೇವಿನ ಮರದ ಕೆಳಗೆ. ಅದರ ಒಂದು ತುದಿಗೆ ನಾನು, ಇನ್ನೊಂದು ತುದಿಗೆ ಹುಡುಗನ ಅಪ್ಪ. ಎರಡು ವರ್ಷ ನಾವು ಮುಖಾಮುಖಿ ಮಾತಾಡಿರಲಿಲ್ಲ. ಅರ್ಧ ತಾಸು ಕಳೆಯಿತು. ಅವರು ಎಲೆ ಅಡಿಕೆಯ ಚಂಚಿ ತೆಗೆದು ನನ್ನ ಕಡೆ ಸರಿಸಿದರು. "ನಮ್ಮ ಹುಡುಗಂದೂ ತಪ್ಪೈತ್ರಿ" ಎಂದರು. ನಾನು, "ನಮ್ಮ ಅರ್ಜಿಯಾಗ ಬರದದ್ದೂ ತಪ್ಪೇರಿ" ಎಂದೆ. ಕೋಣೆಯ ಒಳಗೆ ಏನು ನಡೆಯಿತೋ ಆಗ ಗೊತ್ತಿಲ್ಲ, ಹೊರಗಿನ ಮಧ್ಯಸ್ಥಿಕೆ ಅಲ್ಲೇ ಆಗಿಹೋಯಿತು.

ಒಳಗೆ ಆದದ್ದನ್ನು ಆಮೇಲೆ ಹುಡುಗಿ ಹೇಳಿದಳು. ಮೊದಲು ಇಬ್ಬರನ್ನೂ ಒಟ್ಟಿಗೆ ಕೂಡಿಸಿ, ಆಮೇಲೆ ಒಬ್ಬೊಬ್ಬರನ್ನೇ ಬೇರೆ ಕರೆದು ಮಾತಾಡಿಸಿದರಂತೆ. ಇಲ್ಲಿ ಆಡಿದ ಮಾತು ಈ ಕೋಣೆಯಲ್ಲೇ ಉಳಿಯುತ್ತದೆ, ನಾಳೆ ಕೋರ್ಟಿನಲ್ಲಿ ಯಾರ ಮೇಲೂ ಇದನ್ನು ಬಳಸುವಂತಿಲ್ಲ ಎಂದು ಮೊದಲೇ ತಿಳಿಸಿದರಂತೆ. ರಾಜಿ ಆಯಿತು ಅಥವಾ ಆಗಲಿಲ್ಲ ಎಂದಷ್ಟೇ ಮಧ್ಯಸ್ಥರು ನ್ಯಾಯಾಧೀಶರಿಗೆ ಬರೆಯಬೇಕು. ರಾಜಿ ಆದರೆ ಅದರ ಕರಾರುಗಳನ್ನು ಕಳಿಸಬೇಕು. ಯಾರು ಏನೆಂದರು ಎಂದು ಬರೆಯಬಾರದು. 2010ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಖಚಿತ ಮಾಡಿದೆ. ಆಮೇಲೆ ಆಕೆ ಕೇಳಿದ ಮೊದಲ ಪ್ರಶ್ನೆ: "ನಿಮಗೆ ಏನು ಬೇಕು?" ಕೇಳಿ, ಉತ್ತರ ಬರುವವರೆಗೂ ಸುಮ್ಮನೆ ಕೂತರಂತೆ.

ಉತ್ತರ ಕೇಳಿ ನಾವೆಲ್ಲ ಬೆರಗಾದೆವು. ಅರ್ಜಿಯಲ್ಲಿ ನಾವು ಹೊಲದ ಪಾಲಿನವರೆಗೆ ಕೇಳಿದ್ದೆವು. ಹುಡುಗಿಗೆ ಬೇಕಾಗಿದ್ದದ್ದು ಮಗು, ತವರಿನ ಬಂಗಾರ, ಒಂದು ಹೊಲಿಗೆ ಮಶೀನು, ಮತ್ತು ಗಂಡನ ಮನೆಯ ಟ್ರಂಕಿನಲ್ಲಿ ಉಳಿದಿದ್ದ ತನ್ನ ಶಾಲೆಯ ಸರ್ಟಿಫಿಕೇಟುಗಳು. ಅವಿಲ್ಲದೆ ಅವಳಿಗೆ ಯಾವ ಕೆಲಸಕ್ಕೂ ಅರ್ಜಿ ಹಾಕಲು ಬರುತ್ತಿರಲಿಲ್ಲ. ಎರಡು ವರ್ಷ ಯಾರೂ ಅದನ್ನು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಹುಡುಗನಿಗೆ ಬೇಕಾಗಿದ್ದದ್ದು ಎರಡು: ಮಗಳನ್ನು ಕಾಣುವುದು, ಮತ್ತು ನಮ್ಮ ಅರ್ಜಿಯಲ್ಲಿದ್ದ ಆ ಒಂದು ವಾಕ್ಯವನ್ನು ತೆಗೆಸುವುದು. "ಊರಾಗ ನಾ ತಲಿ ಎತ್ತಿ ಅಡ್ಡಾಡಬೇಕ್ರಿ" ಎಂದನಂತೆ. ಇವೆರಡೂ ರೊಕ್ಕದ ಮಾತಲ್ಲ.

ನಾಲ್ಕು ಸಲ ಕೂತರು. ಕೂಡಿ ಬಾಳಲು ಸಾಧ್ಯವೇ ಎಂದು ಮೊದಲೆರಡು ಸಲ ನೋಡಿದರು. ಆಗುವುದಿಲ್ಲ ಎಂದು ಇಬ್ಬರೂ ಸಿಟ್ಟಿಲ್ಲದೆ ಹೇಳಿದ ಮೇಲೆ, ಹೇಗೆ ಬೇರೆಯಾಗುವುದು ಎಂಬ ಮಾತು ಶುರುವಾಯಿತು. ಇಲ್ಲಿ ನನ್ನ ಬ್ಯಾಂಕಿನ ಅನುಭವ ಸ್ವಲ್ಪ ಉಪಯೋಗಕ್ಕೆ ಬಂತು. ಆದ್ದರಿಂದ ಕರಾರಿನ ವಿಷಯವನ್ನು ತುಸು ಬಿಡಿಸಿ ಹೇಳುತ್ತೇನೆ. ಬೇರೆಯಾಗುವವರು ಮನಸ್ಸು ಮುರಿದುಕೊಳ್ಳುವುದು ದೊಡ್ಡ ವಿಷಯಕ್ಕೆ, ಆದರೆ ಮತ್ತೆ ಜಗಳಕ್ಕೆ ಬೀಳುವುದು ಸಣ್ಣ ವಿಷಯಕ್ಕೆ.

ಮೊದಲನೆಯದು ಬಂಗಾರ. ಬೋರಮಾಳ, ಪಾಟ್ಲಿ, ಬಿಲ್ವಾರ ಸೇರಿ ಆರು ತೊಲೆ. ತವರಿನಿಂದ ಬಂದ ಬಂಗಾರ ಸ್ತ್ರೀಧನ. ಅದಕ್ಕೆ ಹೆಂಡತಿಯೇ ಒಡತಿ, ಗಂಡನ ಮನೆಯಲ್ಲಿದ್ದರೂ ಅವರು ಅದನ್ನು ಜೋಪಾನ ಮಾಡುವವರು ಮಾತ್ರ ಎಂದು 1985ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಆದರೆ ನಮ್ಮ ಹುಡುಗಿಯ ಬಂಗಾರ ಬ್ಯಾಂಕಿನಲ್ಲಿ ಅಡವಿತ್ತು, ಗಂಡನ ಹೆಸರಿನ ಸಾಲಕ್ಕೆ. ಸಾಲ ಯಾರ ಹೆಸರಿನಲ್ಲಿದೆಯೋ ಅವರ ಕೈಗೇ ಬ್ಯಾಂಕು ಬಂಗಾರ ಕೊಡುತ್ತದೆ. ಆದ್ದರಿಂದ "ಬಂಗಾರ ಕೊಡತಕ್ಕದ್ದು" ಎಂದಷ್ಟೇ ಬರೆದರೆ ಸಾಲದು. ಯಾವ ಸಾಲ, ಯಾರು ತೀರಿಸಬೇಕು, ಯಾವ ತಾರೀಖಿನೊಳಗೆ, ಬಿಡಿಸಿದ ದಿನ ಯಾರ ಎದುರಿಗೆ ಕೊಡಬೇಕು, ಇಷ್ಟೂ ಬರೆಸಿದೆವು. ಅಡವಿಡುವಾಗ ಬ್ಯಾಂಕಿನ ಪತ್ತಾರ ತೂಕ ಮಾಡಿ ಬರೆದ ಚೀಟಿ ಇರುತ್ತದೆ. ಆ ತೂಕವನ್ನೇ ಕರಾರಿನಲ್ಲಿ ಹಾಕಿದೆವು.

ಎರಡನೆಯದು ಜಂಟಿ ಖಾತೆ. ಇಬ್ಬರಲ್ಲಿ ಯಾರಾದರೂ ತೆಗೆಯಬಹುದು ಎಂಬ ಖಾತೆ ಇದ್ದರೆ, ಜಗಳವಾದ ದಿನ ಒಬ್ಬರು ಎಲ್ಲವನ್ನೂ ತೆಗೆಯಬಹುದು. ಇಬ್ಬರಲ್ಲಿ ಒಬ್ಬರು ಬರೆದುಕೊಟ್ಟರೂ ಬ್ಯಾಂಕು ವ್ಯವಹಾರ ತಡೆಯುತ್ತದೆ. ಆಮೇಲೆ ಇಬ್ಬರ ಸಹಿಯಿಂದಲೇ ನಡೆಯಬೇಕು. ಬೇರೆಯಾಗುವಾಗ ಆ ಖಾತೆಯನ್ನು ಮುಚ್ಚಿಬಿಡುವುದೇ ಒಳ್ಳೆಯದು. ಲಾಕರಿನ ಕೀಲಿಯನ್ನೂ ಮರೆಯಬೇಡಿ.

ಮೂರನೆಯದು ಜಂಟಿ ಸಾಲ. ಮನೆ ಸಾಲಕ್ಕೆ ಹೆಂಡತಿಯೂ ಸಹಿ ಮಾಡಿದ್ದರೆ, "ಇನ್ನು ಮುಂದೆ ಗಂಡನೇ ಕಟ್ಟುತ್ತಾನೆ" ಎಂದು ಕರಾರಿನಲ್ಲಿ ಬರೆದರೂ ಬ್ಯಾಂಕಿಗೆ ಅದು ಬಂಧನವಲ್ಲ. ಅವನು ಕಟ್ಟದಿದ್ದರೆ ನೋಟೀಸು ಅವಳಿಗೂ ಬರುತ್ತದೆ. ಅವಳ ಹೆಸರು ಬಿಡಿಸಿದ್ದೇವೆ ಎಂದು ಬ್ಯಾಂಕಿನಿಂದಲೇ ಬರಹದಲ್ಲಿ ಪಡೆಯಬೇಕು.

ನಾಲ್ಕನೆಯದು ನಾಮಿನಿ. ಡಿಕ್ರಿ ಆದ ಮಾತ್ರಕ್ಕೆ ಬ್ಯಾಂಕಿನ ದಪ್ತರದಲ್ಲಿ ನಾಮಿನಿಯ ಹೆಸರು ತಾನಾಗಿ ಬದಲಾಗುವುದಿಲ್ಲ. ನೀವೇ ಹೋಗಿ ಫಾರ್ಮು ತುಂಬಬೇಕು. ಇದನ್ನು ಹತ್ತರಲ್ಲಿ ಒಂಬತ್ತು ಜನ ಮರೆಯುವುದನ್ನು ನಾನು ಕಂಡಿದ್ದೇನೆ.

ಐದನೆಯದು ಪೋಟಗಿಯ ಹಣ. ಒಂದೇ ಸಲ ಕೊಡುವುದೆಂದು ನಮ್ಮವರು ಒಪ್ಪಿದರು. ಎಷ್ಟು ಎಂಬುದನ್ನು ಹೇಳುವುದಿಲ್ಲ. ವಕೀಲರು, "ಈಗಲೇ ಡಿಮ್ಯಾಂಡ್ ಡ್ರಾಫ್ಟ್ ಮಾಡಿಸಿ ಕೋರ್ಟಿನಲ್ಲಿ ಇಟ್ಟುಬಿಡೋಣ" ಎಂದರು. ನಾನು ಬೇಡವೆಂದೆ. 2012ರ ಏಪ್ರಿಲ್‌ನಿಂದ ಡ್ರಾಫ್ಟಿನ ಆಯುಷ್ಯ ಮೂರೇ ತಿಂಗಳು. ಕೊನೆಯ ತಾರೀಖು ಅದಕ್ಕಿಂತ ದೂರವಿತ್ತು. ಆದ್ದರಿಂದ ಅರ್ಧ ಹಣ ಮೊದಲ ತಾರೀಖಿಗೆ, ಉಳಿದರ್ಧ ಕೊನೆಯ ತಾರೀಖಿಗೆ ಹೊಸ ಡ್ರಾಫ್ಟಿನಲ್ಲಿ ಎಂದು ಬರೆಸಿದೆವು. ಮಗುವಿನ ಪಾಲಿನದು ಮಗುವಿನ ಹೆಸರಿನಲ್ಲಿ ಮುದ್ದತು ಠೇವು, ತಾಯಿ ಪಾಲಕಿ. ಮಗುವಿನ ಪೋಷಣೆಯ ಹಕ್ಕು ಮಗುವಿನದು. ಸಿಟ್ಟಿನಲ್ಲಿ "ನನಗೂ ಬೇಡ, ಮಗುವಿಗೂ ಬೇಡ" ಎಂದು ಬರೆದುಕೊಡಬಾರದು.

ಆರನೆಯದು, ಎಲ್ಲಕ್ಕಿಂತ ದೊಡ್ಡದು, ಮಗು. "ತಂದೆ ಆಗಾಗ ನೋಡಬಹುದು" ಎಂದು ಬರೆದರೆ ಆ "ಆಗಾಗ" ಎಂಬುದೇ ಮುಂದಿನ ಜಗಳದ ಬೀಜ. ತಿಂಗಳಿಗೆ ಎರಡು ಭಾನುವಾರ, ಬೇಸಿಗೆಯ ರಜೆಯಲ್ಲಿ ಹದಿನೈದು ದಿನ, ದೀಪಾವಳಿ ಒಂದು ವರ್ಷ ಅಲ್ಲಿ ಒಂದು ವರ್ಷ ಇಲ್ಲಿ, ಸಂಕ್ರಮಣಕ್ಕೆ ಸೋಲಾಪುರದ ಸಿದ್ಧರಾಮೇಶ್ವರರ ಜಾತ್ರೆಗೆ ಅಪ್ಪನೇ ಕರೆದೊಯ್ಯುವುದು, ಎಂದು ಬಿಡಿಬಿಡಿಯಾಗಿ ಬರೆದರು. ಮಗುವಿನ ಮುಂದೆ ಒಬ್ಬರನ್ನೊಬ್ಬರು ಹಳಿಯಬಾರದು ಎಂಬ ಮಾತನ್ನು ಮಧ್ಯಸ್ಥರು ತಾವಾಗಿಯೇ ಸೇರಿಸಿದರು. ಅದನ್ನು ಓದುವಾಗ ನಾವು ಹಿರಿಯರೂ ತಲೆ ತಗ್ಗಿಸಿದೆವು.

ಇನ್ನು ಭಾಷೆಯ ಮಾತು. ಇದು ನಮಗೆ, ಗಡಿಯವರಿಗೆ, ವಿಶೇಷವಾಗಿ ಬೇಕಾದದ್ದು. ಇಲ್ಲಿಯ ಕೋರ್ಟಿನ ವ್ಯವಹಾರ ಮರಾಠಿಯಲ್ಲಿ. ಕರಾರು ಮರಾಠಿಯಲ್ಲೇ ಸಿದ್ಧವಾಯಿತು. ನಮ್ಮ ಹುಡುಗಿ ಕನ್ನಡ ಶಾಲೆಯಲ್ಲಿ ಓದಿದವಳು. ಮರಾಠಿ ಮಾತಾಡುತ್ತಾಳೆ, ಕೋರ್ಟಿನ ಮರಾಠಿ ಓದಲು ಬರದು. ನದಿಯಾಚೆಯ ಹುಡುಗನಿಗೆ ಅದೂ ಇಲ್ಲ. "ನಾನು ಓದಿ ಹೇಳುತ್ತೇನೆ" ಎಂದು ನಾನು ಮುಂದಾದೆ. ಮಧ್ಯಸ್ಥರು, "ನೀವು ಹುಡುಗಿಯ ಮಾಮಾ, ನೀವು ಬೇಡ" ಎಂದರು. ಈ ಸಲ ನನಗೆ ಸಿಟ್ಟು ಬರಲಿಲ್ಲ. ಎರಡೂ ಕಡೆಗೆ ಸೇರದ, ಕನ್ನಡ ಬಲ್ಲ ಒಬ್ಬ ವಕೀಲರನ್ನು ಕರೆಸಿ ಒಂದೊಂದು ಕಲಮನ್ನೂ ಕನ್ನಡದಲ್ಲಿ ಹೇಳಿಸಿದರು. ಮೂರು ಕಡೆ ಹುಡುಗ ಪ್ರಶ್ನೆ ಕೇಳಿದ, ಒಂದು ಕಡೆ ತಿದ್ದುಪಡಿಯೂ ಆಯಿತು. ಕೊನೆಗೆ, ತಿಳಿಯುವ ಭಾಷೆಯಲ್ಲಿ ಓದಿ ಹೇಳಲಾಯಿತು, ತಿಳಿದು ಒಪ್ಪಿದ್ದೇವೆ ಎಂದು ಬರೆದು ಸಹಿ ಮಾಡಿದರು. ಬ್ಯಾಂಕಿನಲ್ಲಿ ಹೆಬ್ಬೆಟ್ಟಿನವರ ಸಾಲದ ಕಾಗದದ ಕೆಳಗೆ ಈ ಮಾತನ್ನು ನಾನು ನೂರಾರು ಸಲ ಬರೆದಿದ್ದೆ, ಬಹಳ ಸಲ ಅವಸರದಲ್ಲಿ, ಓದಿ ಹೇಳದೆಯೇ ಬರೆದಿದ್ದೆ. ಅದರ ಬೆಲೆ ಅವತ್ತು ತಿಳಿಯಿತು. ನೀವು ಅಕ್ಕಲಕೋಟೆಯಲ್ಲಿರಿ, ಜತ್ತಿನಲ್ಲಿರಿ, ಕಾಸರಗೋಡಿನಲ್ಲಿರಿ, ತಾಳವಾಡಿಯಲ್ಲಿರಿ, ಆದವಾನಿಯಲ್ಲಿರಿ, ನಿಮಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳದ ಹೊರತು ಯಾವ ಕಾಗದಕ್ಕೂ ಸಹಿ ಮಾಡಬೇಡಿ. ಓದಿ ಹೇಳಿರಿ ಎಂದು ಕೇಳುವುದು ಹಕ್ಕು, ಭಿಕ್ಷೆಯಲ್ಲ.

ಕರಾರು ಆದರೆ ಲಗ್ನ ಮುರಿದಂತಲ್ಲ. ಅದರ ಮೇಲೆ ಇಬ್ಬರೂ ಸೇರಿ ಒಂದೇ ಅರ್ಜಿ ಹಾಕಬೇಕು. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿದ 13ಬಿ ಕಲಂ ಇದಕ್ಕಾಗಿಯೇ ಇದೆ. ಒಂದು ವರ್ಷವಾದರೂ ಬೇರೆ ಬಾಳಿರಬೇಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಬಿಟ್ಟು, ಹದಿನೆಂಟು ತಿಂಗಳ ಒಳಗೆ, ಮತ್ತೆ ಇಬ್ಬರೂ ಕೋರ್ಟಿಗೆ ಬಂದು ಹೌದೆನ್ನಬೇಕು. ನಡುವೆ ಯಾರಾದರೂ ಮನಸ್ಸು ಬದಲಿಸಿದರೆ ಡಿಕ್ರಿ ಸಿಗದು. ಒಪ್ಪಿಗೆ ಕೊನೆಯವರೆಗೂ ಇರಬೇಕೆಂದು 1991ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬಹಳ ಕಾಲದಿಂದ ಬೇರೆ ಇದ್ದು, ಮಕ್ಕಳ ಹಾಗೂ ಹಣದ ವಿಷಯ ಪೂರಾ ಇತ್ಯರ್ಥವಾಗಿದ್ದರೆ ಈ ಆರು ತಿಂಗಳನ್ನು ಕೋರ್ಟು ಮಾಫ್ ಮಾಡಬಹುದು ಎಂದು 2017ರಲ್ಲಿ ತೀರ್ಪಾಗಿದೆ. ನಾವು ಮಾಫಿ ಕೇಳಲಿಲ್ಲ. ಹುಡುಗನ ಅಪ್ಪ, "ಕಬ್ಬಿನ ಬಿಲ್ಲು ಬರ್ಲಿ, ಬಂಗಾರ ಬಿಡಿಸಿ ಕೊಡ್ತೀವ್ರಿ" ಎಂದಿದ್ದರು. ಆ ಆರು ತಿಂಗಳು ಅದಕ್ಕೆ ಒದಗಿತು. ಅವರು ಮಾತು ತಪ್ಪಲಿಲ್ಲ. 2019ರಲ್ಲಿ ಡಿಕ್ರಿ ಆಯಿತು. ಎರಡೂ ಅರ್ಜಿಗಳಲ್ಲಿದ್ದ ಕೆಟ್ಟ ಮಾತುಗಳನ್ನು ಹಿಂದಕ್ಕೆ ತೆಗೆದುಕೊಂಡೆವು ಎಂದು ಬರೆದುಕೊಟ್ಟು ಹಳೆಯ ಕೇಸನ್ನೂ ಮುಗಿಸಿದೆವು.

ಎರಡು ರಾಜ್ಯಕ್ಕೆ ಸೇರಿದವರು ಯಾವ ಕೋರ್ಟಿಗೆ ಹೋಗಬೇಕು ಎಂದು ಬಹಳ ಜನ ಕೇಳುತ್ತಾರೆ. ಲಗ್ನವಾದ ಊರಿನ ಕೋರ್ಟು, ಕೊನೆಗೆ ಇಬ್ಬರೂ ಕೂಡಿ ಬಾಳಿದ ಊರಿನ ಕೋರ್ಟು, ಎದುರುದಾರರು ವಾಸವಿರುವ ಊರಿನ ಕೋರ್ಟು, ಇವಕ್ಕೆಲ್ಲ ಅಧಿಕಾರವಿದೆ. 2003ರ ತಿದ್ದುಪಡಿಯ ಮೇಲೆ ಹೆಂಡತಿ ಅರ್ಜಿದಾರಳಾದರೆ ಅವಳು ಈಗ ಇರುವ ಊರಿನಲ್ಲೂ ಹಾಕಬಹುದು. ಕ್ರೈಸ್ತ ಬಾಂಧವರಿಗೆ ಪರಸ್ಪರ ಒಪ್ಪಿಗೆಯ ಈ ದಾರಿ 2001ರಿಂದ ಇದೆ. ಮುಸಲ್ಮಾನರಲ್ಲಿ ಇಬ್ಬರೂ ಒಪ್ಪಿ ಬಿಡುವುದಕ್ಕೆ ಮುಬಾರಾತ್ ಎಂಬ ಹಳೆಯ ಪದ್ಧತಿಯೇ ಇದೆ. ಮಾತಾಡಿ ಬಿಡಿಸಿಕೊಳ್ಳುವುದಕ್ಕೆ ಯಾವ ಧರ್ಮದವರಿಗೂ ಅಡ್ಡಿಯಿಲ್ಲ.

ಒಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ತಪ್ಪಾಗುತ್ತದೆ. ಹೊಡೆತ ಬಡಿತ ಇರುವಲ್ಲಿ, ಜೀವಕ್ಕೆ ಹೆದರಿಕೆ ಇರುವಲ್ಲಿ, ಮೊದಲು ಮಧ್ಯಸ್ಥಿಕೆಯಲ್ಲ, ಮೊದಲು ರಕ್ಷಣೆ. ಹೆದರಿದವಳು ಹೊಡೆದವನ ಎದುರಿಗೆ ಕೂತು ಹೌದು ಎಂದರೆ ಅದು ಒಪ್ಪಿಗೆಯಲ್ಲ. 2005ರ ಕೌಟುಂಬಿಕ ಹಿಂಸೆಯ ಕಾಯ್ದೆ ಅಂಥವರಿಗಾಗಿ ಇದೆ. 181 ಮಹಿಳೆಯರ ಸಹಾಯವಾಣಿ. ಕಾನೂನು ಸೇವೆಯ ಸಹಾಯವಾಣಿ 15100. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಪುಕ್ಕಟೆ ವಕೀಲರನ್ನು ಕೊಡುತ್ತಾರೆ. ಜಿಲ್ಲಾ ಕೋರ್ಟಿನಲ್ಲೇ ಅವರ ಕಚೇರಿ ಇರುತ್ತದೆ. ಕೇಸು ಹಾಕುವ ಮೊದಲೇ ಅಲ್ಲಿಗೆ ಹೋಗಿ ಮಧ್ಯಸ್ಥಿಕೆ ಬೇಕೆಂದು ಕೇಳಲೂಬಹುದು. ನಾವು ಹಾಗೆ ಮಾಡಿದ್ದರೆ ಆ ಎರಡು ಕೆಟ್ಟ ವಾಕ್ಯಗಳನ್ನು ಯಾರೂ ಬರೆಯುತ್ತಿರಲಿಲ್ಲ.

ಈಗ ಅಕ್ಕನ ಮಗಳು ತನ್ನ ಸರ್ಟಿಫಿಕೇಟುಗಳನ್ನು ಹಿಡಿದು ಕೆಲಸ ಸಂಪಾದಿಸಿಕೊಂಡಿದ್ದಾಳೆ. ಹುಡುಗ ಮತ್ತೆ ಲಗ್ನವಾಗಿದ್ದಾನೆ, ಯಾವ ಹೆದರಿಕೆಯೂ ಇಲ್ಲದೆ. ಮೊಮ್ಮಗಳು ದೊಡ್ಡವಳಾಗಿದ್ದಾಳೆ. ಜಾತ್ರೆಗೆ ಅಪ್ಪ ಬಂದು ಕರೆದೊಯ್ಯುತ್ತಾನೆ. ಕಳೆದ ಸಲ ಅವನು ಬಂದಾಗ ಅಕ್ಕ ಒಳಗಿನಿಂದ, "ಉಂಡು ಹೋಗಪ್ಪಾ" ಎಂದಳು. ಅವನು ಉಂಡೇ ಹೋದ. ಅಳಿಯ ಎಂದು ಕರೆಯುವ ಹಾಗಿಲ್ಲ, ಪರಕೀಯ ಎನ್ನುವ ಹಾಗೂ ಇಲ್ಲ. ಮಗುವಿನ ಅಪ್ಪ. ಅಷ್ಟು ಸಾಕು.

ಹಿರಿಯರಾದ ನಮ್ಮಂಥವರಿಗೆ ನನ್ನ ಬಿನ್ನಹ ಇಷ್ಟೇ. ನಾಳೆ ನಿಮ್ಮನ್ನೂ ಯಾವುದೋ ಪಡಸಾಲೆಯಲ್ಲಿ ನಡುವೆ ಕೂಡಿಸುತ್ತಾರೆ. ಅವತ್ತು ತೀರ್ಪು ಹೇಳುವ ಮೊದಲು ಬಾಗಿಲಲ್ಲಿ ನಿಂತವಳನ್ನು ಒಳಗೆ ಕರೆದು ಕೂಡಿಸಿರಿ. ಆ ಹುಡುಗನನ್ನೂ ಕೂಡಿಸಿರಿ. ನಿನಗೆ ಏನು ಬೇಕು ಎಂದು ಇಬ್ಬರನ್ನೂ ಕೇಳಿರಿ. ಕೇಳಿದ ಮೇಲೆ ಉತ್ತರ ಬರುವವರೆಗೆ ಸುಮ್ಮನಿರಿ. ಕೂಡಿ ಬಾಳುತ್ತೇವೆ ಎಂದರೆ ಹರಸಿ ಕಳಿಸಿರಿ. ಆಗುವುದಿಲ್ಲ ಎಂದರೆ ಸ್ಟಾಂಪ್ ಕಾಗದ ತರಿಸಬೇಡಿರಿ, ಮಧ್ಯಸ್ಥಿಕೆಯ ದಾರಿ ತೋರಿಸಿರಿ, ಆಮೇಲೆ ಎದ್ದು ಹೊರಗಿನ ಬೆಂಚಿನ ಮೇಲೆ ಕೂಡಿರಿ. ಅಲ್ಲಿಯೂ ನಮಗೆ ಕೆಲಸವಿದೆ.